ಅವಳೇ ಅಂತಲೇ ಓದುತ್ತೇನೆ

ವಿಂಡ್‌ಶೀಲ್ಡಿನ ಮೇಲೆ ಕಡಲಹಕ್ಕಿಯ ಹಿಕ್ಕೆ, ನಿನ್ನೆ ತಾನೇ ತೊಳೆಸಿದ ಕಾರು, ಇರಲಿ ಬಿಡು, ಅದರಾಚೆ ಲೈಬ್ರರಿಯ ಗಾಜಿನ ಬಾಗಿಲು ಚೆನ್ನಾಗಿಯೇ ಕಾಣುತ್ತಿದೆ, ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದಾರೆ, ಎಲ್ಲರ ಕಂಕುಳಲ್ಲೂ ಅದೇ ದಪ್ಪ ಪುಸ್ತಕ, ನನ್ನ ತೊಡೆಯ ಮೇಲೂ ಅದೇ, ಓದುಗರ ಕ್ಲಬ್ಬಿನಲ್ಲಿ ಇವತ್ತು ಒಂದು ಪುಟ ಗಟ್ಟಿಯಾಗಿ ಓದುವ ಸರದಿ ನನ್ನದು, ಭಾನುಮತಿ ಎಂದು ನಾನೇ ಹೆಸರು ಕೊಟ್ಟು ಬಂದಿದ್ದೇನೆ — ಬೇಡ ಕಣೇ, ಗೋಪಿನಾಥ್ ಬೆಳಿಗ್ಗೆ ಶೂ ಲೇಸ್ ಕಟ್ಟುತ್ತಾ ಅಂದರು, ನಮ್ಮ ಮ್ಯಾನೇಜರ್ ಹೆಂಡತೀನೂ ಬರ್ತಾಳಂತೆ, ನೀನು ಹಾಗೆ ಓದಿದ್ರೆ ನಗ್ತಾರೆ — ನಗಲಿ, ಕಟ್ಟಿಕೊಂಡ ಗಂಡನೇ ನಕ್ಕ ಮೇಲೆ ಇವರು ನಕ್ಕರೆ ಏನು ಮಹಾ. ಈ ಹುಚ್ಚು ಹಿಡಿಸಿದವಳು ಇಂದಿರಾ, ಪಕ್ಕದ ಬಡಾವಣೆ ಸ್ಕ್ರಿಪ್ಸ್ ರ್ಯಾಂಚಿನ ಗೆಳತಿ, ಧಾರವಾಡದವಳು, ಇಂಡಿಯನ್ ಅಂಗಡಿಗಳ ಸಾಲಿರುವ ಆರ್ಟೀಸಿಯಾಕ್ಕೆ ಬೇಳೆ, ಮೆಂತ್ಯ ಸೊಪ್ಪು ತರಲು ಹೋದ ದಿನ ಬಿಸಿ ಜಿಲೇಬಿಗೆ ಕಾಯುತ್ತಾ ಬ್ಯಾಗಿನಿಂದ ಮೊದಲ ಸಂಪುಟ ತೆಗೆದು ನನ್ನ ಕೈಗೆ ತುರುಕಿದಳು, ಓದ ನೀ, ಮೊದಲಿನ ಐವತ್ತ ಪುಟ ತ್ರಾಸ ಕೊಡ್ತಾವ, ಆಮ್ಯಾಲ ಪಲ್ಯಾ ಹೊತ್ತಿದ್ರೂ ನಿನಗ ಗೊತ್ತಾಗಂಗಿಲ್ಲ, ಡ್ರ್ಯಾಗನ್ನು, ಮಾಟ, ಮಂತ್ರ, ಎಲ್ಲ ಮಕ್ಕಳಿಗೆ ಅಂದುಕೊಂಡೇ ತೆರೆದೆ, ಮಗಳು ಆಶ್ರಿತಾಳ ಈಜು ಕ್ಲಾಸಿನ ಹೊರಗೆ, ಇದೇ ಸೀಟಿನಲ್ಲಿ, ಅವಳು ಒದ್ದೆ ತಲೆಯಲ್ಲಿ ಬಂದು ಕಿಟಕಿ ಬಡಿದರೂ ಕೇಳಿಸಲಿಲ್ಲ, ಮನೆಗೆ ಹೋದ ಮೇಲೆ ಪಲ್ಯವೂ ಸೀದಿತು, ಯಾಕೆಂದರೆ ಆ ರಾಣಿ — ಎ ವಿ ಎ ಎಲ್ ಇ ಎಂದು ಅಚ್ಚಾಗಿದೆ ಹೆಸರು, ನನ್ನ ಕಣ್ಣು ಅವಳೇ ಎಂದು ಓದಿತು, ಬೇರೆ ಹೇಗೆ ಓದೀತು, ಕೋಟೆಗೆ ಶತ್ರು ಮುತ್ತಿದ್ದಾನೆ, ಮಂತ್ರಿಗಳೆಲ್ಲ ನೆಲಮಾಳಿಗೆಯಲ್ಲಿ ಅಡಗಿಕೊಳ್ಳಿ ಅನ್ನುತ್ತಾರೆ, ಆಕೆ ಶತ್ರುವನ್ನು ಎದುರಿಸಲು ದೀಪ ಹಿಡಿದು ಮೆಟ್ಟಿಲಿಳಿದು ಹೆಬ್ಬಾಗಿಲ ಅಗುಳಿಗೆ ಕೈ ಹಾಕುತ್ತಾಳೆ, ಅವಳೇ ಅಗುಳಿ ಸರಿಸಿದಳು, ಅಂದರೆ ಸೇನಾಪತಿಯಲ್ಲ, ಗಂಡನಲ್ಲ, ಅವಳೇ — ಮೈ ಜುಮ್ಮೆಂದಿತು, ಏಳೂ ಸಂಪುಟ ಹಾಗೇ ಓದಿ ಮುಗಿಸಿದೆ.

ಯುಗಾದಿ ಊಟಕ್ಕೆ ಜನ ಬಂದಾಗ ಹೋಳಿಗೆ ಬಡಿಸುತ್ತಾ ರಾಣಿಯ ಹೆಸರು ಅವಳೇ ಅಂತಲೇ ಆ ಕಥೆ ಹೇಳಿದೆ, ಅಮ್ಮಾ, ಇಟ್ಸ್ ಅವೇಲ್, ಆಶ್ರಿತಾ ತಟ್ಟೆಯಿಂದ ತಲೆ ಎತ್ತದೆ ಅಂದಳು, ಎಲ್ಲರೂ ನಕ್ಕರು, ಮಗು ನಕ್ಕದ್ದಕ್ಕೆ ಬೇಜಾರಿಲ್ಲ, ಗೋಪಿನಾಥ್ ತುಪ್ಪದ ಬಟ್ಟಲು ಕೆಳಗಿಟ್ಟು ನಕ್ಕರು, ಆಮೇಲೆ ಹೋದ ಹೋದ ಮನೆಯಲ್ಲೆಲ್ಲ ಅದನ್ನೇ ಹೇಳಿ ನಗಿಸಿದರು, ನೋವಾಯಿತು, ತುಂಬಾ ನೋವಾಯಿತು, ಆಫೀಸಿನಲ್ಲಿ ಇವರು ಗೋಪ್, ನಾಲಿಗೆ ಹೊರಳದವರಿಗೆಂದು ತಾವೇ ಅರ್ಧ ಹೆಸರು ಕತ್ತರಿಸಿ ಕೊಟ್ಟು, ಹಾಯ್ ಗೋಪ್ ಅಂದರೆ ಹಲ್ಲು ಕಿರಿಯುವ ಮನುಷ್ಯ ನನಗೆ ಉಚ್ಚಾರ ಕಲಿಸಬೇಕೆ, ನಾನು ಕತ್ತರಿಸುವುದಿಲ್ಲ, ಅವೇಲ್ ಅಂದರೆ ಬರೀ ಒಂದು ಹೆಸರು, ಅವಳೇ ಅಂದರೆ ಬೇರೆ ಯಾರೂ ಅಲ್ಲ, ನಿನ್ನ ಬಾಯಾಗ ಹೆಂಗ ಬರ್ತದ ಹಂಗ ಓದ ಭಾನು, ಇಂದಿರಾ ಫೋನಿನಲ್ಲಿ ಅಂದಳು, ಹಾಗೇ ಓದುತ್ತೇನೆ — ಒಳಗೆ ಕುರ್ಚಿ ಎಳೆಯುತ್ತಿದ್ದಾರೆ, ಯಾರೋ ಬಾಗಿಲಿಗೆ ಬಂದು ಬ್ಯಾನೂ ಎಂದು ಕೈ ಬೀಸುತ್ತಾರೆ, ಬ್ಯಾನು ಅಲ್ಲ, ಭಾನುಮತಿ, ಮೊದಲು ಅದನ್ನೇ ಹೇಳುತ್ತೇನೆ, ಆಮೇಲೆ ಪುಟ, ಫೋನು ಗುಂಯ್‌ಗುಡುತ್ತಿದೆ, ಗೋಪಿನಾಥ್, ಗುಂಯ್‌ಗುಡಲಿ, ಪುಸ್ತಕ ಕಂಕುಳಿಗೆ ಸೇರಿಸುತ್ತೇನೆ, ದೀಪ, ಮೆಟ್ಟಿಲು, ಹೆಬ್ಬಾಗಿಲು, ಕಾರಿನ ಬಾಗಿಲ ಹಿಡಿ ಬಿಸಿಲಿಗೆ ಬೆಚ್ಚಗಿದೆ, ಅಗುಳಿಯ ಮೇಲೆ ಕೈ, ಅಗುಳಿಯ ಮೇಲೆ ಕೈ, ಅವಳೇ