ನೀರು ಸೋಸುವ ಹಸಿರು ಬಟ್ಟೆ

ನಾರುಹುಣ್ಣು ಎಂದರೇನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕುಡಿಯುವ ನೀರಿನಲ್ಲಿ ಕಣ್ಣಿಗೆ ಕಾಣದ ಹುಳದ ಮರಿ ಇರುತ್ತದೆ. ಅದು ಹೊಟ್ಟೆ ಸೇರಿ, ವರ್ಷವಿಡೀ ಸದ್ದಿಲ್ಲದೆ ಮೈಯೊಳಗೆ ಬೆಳೆದು, ಮುಂದಿನ ಬೇಸಿಗೆಗೆ ಪಾದದಲ್ಲೋ ಮೊಣಕಾಲಲ್ಲೋ ಬೊಕ್ಕೆ ಎಬ್ಬಿಸಿ ಬಿಳಿ ನೂಲಿನಂತೆ ತಲೆ ಹೊರಗೆ ಹಾಕುತ್ತದೆ. ಆ ನೂಲನ್ನು ಒಂದು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ನಡುವೆ ಹರಿಯಿತೋ, ಕಾಲು ಬಾತು ಕೀವಾಗಿ, ಕೆಲವರಿಗೆ ಜನ್ಮವಿಡೀ ಮಡಚಿಕೊಂಡೇ ಉಳಿಯುತ್ತದೆ. ಬೊಕ್ಕೆಯ ಉರಿ ತಡೆಯಲಾರದೆ ಜನ ತಣ್ಣೀರಿನಲ್ಲಿ ಕಾಲಿಡುತ್ತಾರೆ, ಹುಳ ಅಲ್ಲಿಯೇ ಮರಿ ಹಾಕುತ್ತದೆ, ಅದೇ ನೀರನ್ನು ಊರು ಕುಡಿಯುತ್ತದೆ.

ಎಂಬತ್ತರ ದಶಕದ ಆರಂಭದಲ್ಲಿ ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದೆ. ಊರಿಗೆ ಕುಡಿಯಲು ಇದ್ದದ್ದು ಒಂದೇ ಬಾವಿ. ಅದಕ್ಕೆ ನೀರಿನ ತನಕ ಫರಸಿಕಲ್ಲಿನ ಮೆಟ್ಟಿಲು. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಮೆಟ್ಟಿಲು ಮುಚ್ಚಿ, ಸುತ್ತ ಗೋಡೆ ಎತ್ತಿ, ಮೇಲೊಂದು ಗಾಲಿ ಕೂಡಿಸಿ ಹಗ್ಗದಿಂದ ನೀರು ಸೇದಿದರೆ ಕಥೆ ಮುಗಿಯುತ್ತಿತ್ತು. ಇದನ್ನು ತಿಳಿಯಲು ದೊಡ್ಡ ಓದು ಬೇಕಿರಲಿಲ್ಲ, ಆರೋಗ್ಯ ಇಲಾಖೆ ಗೋಡೆಯ ಮೇಲೆ ಅಂಟಿಸಿದ ಚಿತ್ರದಲ್ಲಿಯೇ ಅದು ಇತ್ತು.

ಈ ಗೋಡೆಗಾಗಿ ಬೆನ್ನು ಬಿದ್ದವಳು ಸೈದಾನಬಿ. ಹರೆಯದಲ್ಲಿ ನಾರು ಹರಿದು ಆಕೆಯ ಎಡಗಾಲು ಮಡಚಿತ್ತು. ಕೋಲೂರಿ, ಕಾಲೆಳೆಯುತ್ತ ನಡೆಯುವಳು. ಮಗ ಸೊಸೆ ಇಬ್ಬರೂ ತೀರಿಹೋಗಿ, ಮೊಮ್ಮಗಳು ಮೆಹತಾಬ್ ಒಬ್ಬಳು ಉಳಿದಿದ್ದಳು. ಫರಸಿ ಖಣಿಯಲ್ಲಿ ಕಲ್ಲು ಹೊತ್ತು ಮನೆ ನಡೆಸುತ್ತಿದ್ದ ಹುಡುಗಿ. ನಡೆದರೆ ನೆಲ ಗುದ್ದಿದಂತೆ ನಡೆಯುತ್ತಿದ್ದಳು, ಆ ಸದ್ದು ಕೇಳುವುದೇ ಮುದುಕಿಗೆ ಒಂದು ಸುಖ.

"ನಂದೇನದ ಮಾಸ್ತರ್, ನನ್ನ ಕಾಲು ಹೋಗ್ಯಾದ, ಹೋಗ್ಲಿ," ಎನ್ನುತ್ತಿದ್ದಳು. "ಈ ಪೋರಿ ಕಾಲು ಉಳೀಬೇಕು. ಮತ್ತೇನೂ ಬೇಡಂಗಿಲ್ಲ ನಾ."

ಖಣಿಯ ಮೇಸ್ತ್ರಿ ಚಂದ್ರಾಮನನ್ನು ಆಕೆಯೇ ಒಪ್ಪಿಸಿದಳು. ಖಣಿಯಲ್ಲಿ ಒಡೆದು ಬಿದ್ದ ಕಲ್ಲಿಗೆ ಬರವೇ? ಆಳುಗಳು ಬಿಟ್ಟಿ ಕೆಲಸಕ್ಕೆ ತಯಾರಾದರು. ಬಂಡಿಗಟ್ಟಲೆ ಕಲ್ಲು ಬಾವಿಯ ಬದಿಗೆ ಬಂದು ಬಿತ್ತು. ಆಗ ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದು, ಜೀಪು ಹತ್ತಿ, ಡಾಕ್ಟರ್ ಅನಂತಶಯನ ಎಂಬ ಸಾಹೇಬರು ನಮ್ಮೂರಿಗೆ ದಯಮಾಡಿಸಿದರು.

ಇವರು ಸೂಜಿ ಚುಚ್ಚುವ ಡಾಕ್ಟರಲ್ಲ. ಮನುಷ್ಯರ ನಡವಳಿಕೆಯನ್ನು ಓದಿದವರು, ಅದಕ್ಕೆ ವರ್ತನಾ ವಿಜ್ಞಾನ ಎಂದು ಹೆಸರು. ಜನರ ಮನಸ್ಸು ಬದಲಿಸಿ ನೀರು ಸೋಸಿ ಕುಡಿಯುವಂತೆ ಮಾಡುವ ಪ್ರಯೋಗಕ್ಕೆಂದು ಬೆಂಗಳೂರಿನಿಂದ ಬಂದಿದ್ದರು. ಅವರ ಕನ್ನಡ ನಮ್ಮವರಿಗೆ ಹತ್ತಲಿಲ್ಲ, ನಮ್ಮವರ ಕನ್ನಡ ಅವರಿಗೆ ಹತ್ತಲಿಲ್ಲ. ಜನಗಣತಿ, ಚುನಾವಣೆ, ಕುಟುಂಬ ಯೋಜನೆ ಎಂದು ಮಾಸ್ತರನನ್ನು ಬಾಡಿಗೆ ಎತ್ತಿನಂತೆ ಹೂಡುವುದು ಸರ್ಕಾರದ ರೂಢಿ. ಹಾಗೆ ಈ ಎರಡು ಕನ್ನಡಗಳ ನಡುವಿನ ದುಭಾಷಿಯ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಬಾವಿಯ ಬದಿಯ ಕಲ್ಲಿನ ರಾಶಿ ನೋಡಿ ಸಾಹೇಬರ ಮುಖ ಸಣ್ಣದಾಯಿತು.

"ಈ ಗೋಡೆ ಈಗ ಬೇಡ ಮೇಷ್ಟ್ರೇ," ಎಂದರು. "ಮೆಟ್ಟಿಲು ಮುಚ್ಚಿಬಿಟ್ಟರೆ ರೋಗ ಹೋದದ್ದು ಗೋಡೆಯಿಂದಲೋ ಜನರ ಮನಸ್ಸು ಬದಲಾದದ್ದರಿಂದಲೋ ಹೇಗೆ ಗೊತ್ತಾಗುತ್ತೆ? ನನ್ನ ಪ್ರಯೋಗವೇ ಕೆಟ್ಟುಹೋಗುತ್ತೆ. ಒಂದು ವರ್ಷ ಬಾವಿ ಹೀಗೇ ಇರಲಿ."

ರೋಗ ಹೋದರೆ ಸಾಕಲ್ಲವೇ, ಯಾವುದರಿಂದ ಹೋದರೇನು ಎಂದು ನಾನು ಕೇಳಿದೆ. ಅವರು ಕನಿಕರದಿಂದ ನಕ್ಕರು. ಅಷ್ಟು ಓದಿದವರ ಕನಿಕರವನ್ನು ನಾನು ಮೊದಲ ಸಲ ಅಷ್ಟು ಹತ್ತಿರದಿಂದ ಕಂಡೆ, ಮೈ ಉರಿದುಹೋಯಿತು.

ನಮ್ಮ ಪಂಚಾಯತಿ ಚೇರ್ಮನ್ ದೇವೀಂದ್ರಪ್ಪನೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಸಾಮಿ. ಜೀಪಿನಲ್ಲಿ ಬಂದವರ ಮಾತಿಗೆ ಅವನ ಬಾಯಲ್ಲಿ ಇಲ್ಲ ಎಂಬುದೇ ಇರಲಿಲ್ಲ. "ಸಾಹೇಬ್ರು ಹೇಳ್ಯಾರಂದ್ರ ಮುಗೀತು, ಕಲ್ಲು ಯಾರೂ ಮುಟ್ಟಬ್ಯಾಡ್ರಿ," ಎಂದು ಅಪ್ಪಣೆ ಕೊಡಿಸಿದ. ಚಂದ್ರಾಮನ ಆಳುಗಳು ಹಾರೆ ಹೆಗಲಿಗಿಟ್ಟು ಹೋದರು.

ಸೈದಾನಬಿ ಜೀಪಿನ ಮುಂದೆ ಕೋಲೂರಿ ನಿಂತಳು. "ಸಾಹೇಬ್ರ, ವರ್ಷ ಅಂದ್ರ ಭಾಳ ಆತ್ರಿ. ನನ್ನ ಪೋರಿ ದಿನಾ ಇದೇ ನೀರು ಕುಡೀತಾಳ," ಎಂದಳು. ನಾನು ಅದನ್ನು ಅವರ ಕನ್ನಡಕ್ಕೆ ತಂದೆ. ಮುದುಕಿಗೆ ಬದಲಾವಣೆಯ ಭಯವಿದೆ, ಅದು ಸಹಜ ಎಂದು ಸಾಹೇಬರು ಸಮಾಧಾನ ಹೇಳಿದರು. ಬದಲಾವಣೆ ಬೇಡುತ್ತಿದ್ದವಳು ಅವಳೊಬ್ಬಳೇ ಎಂಬುದು ಅವರ ವಿಜ್ಞಾನಕ್ಕೆ ನಿಲುಕಲಿಲ್ಲ.

ಆಮೇಲೆ ಮನೆಮನೆ ಪ್ರಶ್ನೆ ಶುರುವಾಯಿತು. ನಾರು ಯಾಕೆ ಆಗುತ್ತದೆ, ನೀವು ಯಾರ ಮಾತು ಕೇಳುತ್ತೀರಿ, ಯಾರನ್ನು ನಂಬುತ್ತೀರಿ. ನಮ್ಮ ಜನ ಇಲಾಖೆಯನ್ನು ನಂಬುತ್ತೇವೆ ಎಂದು ಯಾಕೆ ಹೇಳಿಯಾರು? ಊರ ಹೊರಗೆ ಪೀರಸಾಹೇಬರ ಒಂದು ದರ್ಗಾ ಇತ್ತು. ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಹರಕೆ ಹೊರುವುದು ಅಲ್ಲಿಯೇ. "ಪೀರಸಾಹೇಬನ್ನ ನಂಬ್ತೀವ್ರಿ," ಎಂದು ಊರಿಗೆ ಊರೇ ಹೇಳಿತು. ಸಾಹೇಬರಿಗೆ ನಿಧಿ ಸಿಕ್ಕಿದಷ್ಟು ಖುಷಿಯಾಯಿತು.

ನೀರು ಸೋಸಲು ಇಲಾಖೆ ಬಿಳಿ ಬಟ್ಟೆ ಕೊಡುತ್ತಿತ್ತು. ಅದಕ್ಕೆ ಇವರು ಶಹಾಬಾದಿನಲ್ಲಿ ದರ್ಗಾದ ಹಸಿರು ಬಣ್ಣ ಹಾಕಿಸಿದರು. ಸಾಲದೆಂದು ಚಂದ್ರ ನಕ್ಷತ್ರ ಅಚ್ಚು ಹಾಕಿಸಿ, ದರ್ಗಾದ ಸೇವೆ ನೋಡಿಕೊಳ್ಳುವ ಮುಜಾವರ್ ಬಂದೇಅಲಿಯನ್ನು ಕರೆದು ಲೋಬಾನದ ಹೊಗೆ ಹಾಕಿಸಿ, ಮನೆಗೊಂದರಂತೆ ಹಂಚಿದರು. ಜನ ಎರಡೂ ಕೈ ಚಾಚಿ ಇಸಗೊಂಡು ಕಣ್ಣಿಗೊತ್ತಿಕೊಂಡರು. ದೇವೀಂದ್ರಪ್ಪ ತಲೆಯ ಮೇಲಿಟ್ಟುಕೊಂಡ. ನೋಡಿ ಮೇಷ್ಟ್ರೇ, ಒಬ್ಬರೂ ಬೇಡ ಅನ್ನಲಿಲ್ಲ ಎಂದು ಸಾಹೇಬರು ಫೋಟೋ ಹೊಡೆದುಕೊಂಡು ರೈಲು ಹತ್ತಿದರು.

ಪೀರಸಾಹೇಬರ ಬಟ್ಟೆಯಲ್ಲಿ ಬಾವಿಯ ರಾಡಿ ಸೋಸುವ ಪಾಪಿ ನಮ್ಮೂರಲ್ಲಿ ಯಾರಿದ್ದಾರೆ? ಕೆಲವರು ತೊಟ್ಟಿಲಿಗೆ ಕಟ್ಟಿದರು, ಕೆಲವರು ಜೋಳದ ಚೀಲದೊಳಗೆ ಮಡಚಿಟ್ಟರು. ಉಳಿದವರು ಒಯ್ದು ದರ್ಗಾದಲ್ಲಿ ಗೋರಿಯ ಮೇಲೆ ಹೊದಿಸಿದರು. ಗೋರಿ ದಪ್ಪಗಾಗಿ ಹಾಸಿಗೆಯ ಹಾಗೆ ಕಾಣತೊಡಗಿತು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮೊದಲು ಕೆಲವು ಹೆಂಗಸರು ಸೆರಗು ಮಡಚಿ ಕೊಡದ ಬಾಯಿಗೆ ಹಿಡಿದು ಸೋಸುತ್ತಿದ್ದರು. ಪೀರಸಾಹೇಬರಿಗೆ ಬಟ್ಟೆ ಏರಿಸಿದ ಮೇಲೆ ಅದನ್ನೂ ಬಿಟ್ಟರು. "ಅಂವಗ ಒಪ್ಪಿಸೀವಲ್ಲ, ಅಂವ ನೋಡ್ಕೋತಾನ," ಎಂದರು. ಸಾಹೇಬರ ಮೇಲಿನ ಸಿಟ್ಟು ನನಗೆ ನಮ್ಮ ಜನರ ಮೇಲೂ ಬಂತು, ಸುಳ್ಳು ಯಾಕೆ ಹೇಳಲಿ.

ಸೈದಾನಬಿ ಮಾತ್ರ ಮನೆಯಲ್ಲಿ ತನ್ನ ಹಳೆಯ ಸೀರೆ ಹರಿದು ನೀರು ಸೋಸುತ್ತಲೇ ಇದ್ದಳು. ಆದರೆ ಕಲ್ಲು ಹೊತ್ತು ದಣಿದು ಬರುವ ಹುಡುಗಿ ಬಾವಿಯಲ್ಲಿಳಿದು ಬೊಗಸೆಯಲ್ಲಿ ಕುಡಿದರೆ ಅಜ್ಜಿ ಎಷ್ಟೆಂದು ಕಾಯ್ದಾಳು? ಮೆಹತಾಬಳೂ ತನ್ನ ಪಾಲಿನ ಹಸಿರು ಬಟ್ಟೆಯನ್ನು ಗೋರಿಗೆ ಹೊದಿಸಿ, ಕಾಲು ಕಾಯಪ್ಪ ಎಂದು ಬೇಡಿಕೊಂಡು ಬಂದಿದ್ದಳು.

ಮರುವರ್ಷ ಬೇಸಿಗೆಗೆ ಆಕೆಯ ಬಲ ಮೊಣಕಾಲಿನ ಬದಿಗೆ ಬೊಕ್ಕೆ ಎದ್ದಿತು. ನೂಲು ಹೊರಬಂತು, ಕಡ್ಡಿಗೆ ಸುತ್ತಿದರು. ರಜೆ ಹಾಕಿದರೆ ಖಣಿಯವರು ಬೇರೆಯವರನ್ನು ಇಟ್ಟುಕೊಳ್ಳುತ್ತಾರೆಂದು ಹುಡುಗಿ ಕುಂಟುತ್ತಲೇ ಕೆಲಸಕ್ಕೆ ಹೋದಳು. ಕಲ್ಲು ಎತ್ತುವಾಗ ನಾರು ಹರಿಯಿತು. ವಾರದೊಳಗೆ ಕಾಲು ಬಾತು ಮಡಚಿತು. ಚಿತ್ತಾಪುರದ ದವಾಖಾನೆಯಲ್ಲಿ ಕೀವು ತೆಗೆದರು, ಕಾಲು ನೆಟ್ಟಗಾಗುವುದನ್ನು ನಾವು ಹೇಳಲಾರೆವು ಎಂದು ಮನೆಗೆ ಕಳಿಸಿದರು.

ಅದೇ ಹೊತ್ತಿಗೆ ಫಲಿತಾಂಶ ಅಳೆಯಲು ಸಾಹೇಬರು ಮತ್ತೆ ಬಂದರು. ಮನೆಮನೆ ಪ್ರಶ್ನೆ ಕೇಳುತ್ತ ಮುಂಜಾನೆಯೇ ಸೈದಾನಬಿಯ ಗುಡಿಸಲಿಗೂ ಬಂದರು. ಮೆಹತಾಬ್ ಗೋಡೆಗೊರಗಿ, ಕಾಲ ಮೇಲೆ ಕೌದಿ ಹೊದ್ದು ಕುಳಿತಿದ್ದಳು. ಮುದುಕಿ "ಬರ್ರಿ ಸಾಹೇಬ್ರ, ಕುಂದ್ರಿ," ಎಂದು ಮಣೆ ಹಾಕಿದಳು.

ಸಾಹೇಬರು ಹುಡುಗಿಯ ಕಡೆ ತಿರುಗಿದರು. "ನಾರು ಯಾವುದರಿಂದ ಬರುತ್ತಮ್ಮ?"

"ನೀರಿಂದರಿ."

"ಕುಡಿಯೋ ಮೊದಲು ಏನು ಮಾಡಬೇಕು?"

"ಅರಿವಿಲೆ ಸೋಸಬೇಕ್ರಿ."

"ನಮ್ಮ ಬಟ್ಟೆ ಎಲ್ಲಿದೆ?"

"ದರ್ಗಾದಾಗ ಅದರಿ. ಭಾಳ ಜೋಪಾನ ಇಟ್ಟೀವಿ."

ಸಾಹೇಬರು ಹಿಗ್ಗಿಹೋದರು. ಕಳೆದ ವರ್ಷ ಈ ಊರಲ್ಲಿ ಒಂದು ಉತ್ತರವೂ ಸರಿಯಾಗಿ ಬರುತ್ತಿರಲಿಲ್ಲ, ಈಗ ನೋಡಿ ಎಂದು ನನ್ನ ಬೆನ್ನು ತಟ್ಟಿದರು. ಕ್ಯಾಮೆರಾ ತೆಗೆದರು.

"ತುಂಬಾ ಚೆನ್ನಾಗಿ ಹೇಳಿದೆಯಮ್ಮ. ಎದ್ದು ನಿಂತ್ಕೋ, ಒಂದು ಫೋಟೋ ತೆಗೀತೀನಿ."

ಹುಡುಗಿ ಅಜ್ಜಿಯ ಮುಖ ನೋಡಿದಳು. ಸೈದಾನಬಿ ಕೌದಿಯನ್ನು ಸರಿಸಿದಳು.

"ಉತ್ತರ ಎಲ್ಲಾ ಬರ್ತಾವ್ರಿ ಆಕಿಗಿ," ಎಂದಳು. "ನಿಲ್ಲಾಕಷ್ಟೇ ಬರಂಗಿಲ್ಲ."

ಸಾಹೇಬರು ಆ ಕಾಲನ್ನು ನೋಡಿದರು. ಕ್ಯಾಮೆರಾ ಕೆಳಗಿಳಿಯಿತು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಇದು ನಾವು ಬಟ್ಟೆ ಕೊಡೋದಕ್ಕೆ ಮುಂಚೆ ಕುಡಿದ ನೀರಿರಬೇಕು ಮೇಷ್ಟ್ರೇ, ನಮ್ಮ ಲೆಕ್ಕಕ್ಕೆ ಬರಲ್ಲ," ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಾಹೇಬರು ಏನಂದರು ಎಂದು ಮುದುಕಿ ನನ್ನನ್ನು ಕೇಳಿದಳು. ಅದೊಂದನ್ನು ಅವಳ ಕನ್ನಡಕ್ಕೆ ತರಲು ನನ್ನಿಂದಾಗಲಿಲ್ಲ.

ಅವಳು ಕೋಲು ತೆಗೆದುಕೊಂಡು ಖಣಿಗೆ ನಡೆದು, ಚಂದ್ರಾಮನ ಮುಂದೆ ನಿಂತಳು. "ಏಳಪ್ಪಾ ಚಂದ್ರಾಮ, ಕಲ್ಲು ಅಲ್ಲೇ ಅದಾವ," ಎಂದಳಂತೆ. ಅವನು ಚೇರ್ಮನ್ನನ ಹೆಸರೆತ್ತಲಿಲ್ಲ. ಎರಡನೆಯ ಹಂತದ ಪ್ರಯೋಗಕ್ಕೆ ಮೆಟ್ಟಿಲು ತೆರೆದಿರಬೇಕೆಂದು ಜೀಪಿನ ಬಳಿ ಸಾಹೇಬರು ದೇವೀಂದ್ರಪ್ಪನಿಗೆ ಇನ್ನೂ ವಿವರಿಸುತ್ತಿದ್ದಾಗಲೇ ಬಾವಿಯ ಕಡೆಯಿಂದ ಕಲ್ಲಿನ ಸದ್ದು ಕೇಳಿಸಿತು. ದೇವೀಂದ್ರಪ್ಪ ತಡೆಯಲು ಓಡಿದ. ಹಾರೆ ಹಿಡಿದು ನಿಂತವರ ಮುಖ ನೋಡಿ, ತಾನೂ ಒಂದು ಕಲ್ಲಿಗೆ ಕೈ ಹಚ್ಚಿದ.

ಮುಂಜಾನೆ ಶುರುವಾದ ಕೆಲಸ ಹೊತ್ತು ಮುಳುಗುವ ಮೊದಲು ಮುಗಿಯಿತು. ಮೆಟ್ಟಿಲು ಮುಚ್ಚಿತು, ಗೋಡೆ ಎದ್ದಿತು, ಗಾಲಿ ಕೂತಿತು. ಅಷ್ಟೇ ಕೆಲಸವಿತ್ತು ಅದು, ಒಂದು ಹಗಲಿನದು. ಎರಡು ಬೇಸಿಗೆ ಕಳೆಯುವುದರೊಳಗೆ ಊರಲ್ಲಿ ನಾರು ಎಂಬುದು ಇಲ್ಲವಾಯಿತು. ಮೆಹತಾಬ್ ಈಗಲೂ ಕೋಲೂರಿ ನಡೆಯುತ್ತಾಳೆ.