ಐಸ್‌ಕ್ರೀಂ ಗೋದಾಮಿನ ಬಾಗಿಲು

“ಒಳಗಿಂದ ಯಾರೋ ಹಿಡ್ಕೊಂಡಿರೋ ಹಾಗಿದೆ ಕಣ್ರೀ,” ಎನ್ನುತ್ತ ಚಿಕ್ಕಪ್ಪ ಒಂದು ಕಾಲನ್ನು ಗೋಡೆಗೆ ಕೊಟ್ಟು ಹಿಡಿಕೆಯನ್ನು ಜಗ್ಗಿದ. ಬಾಗಿಲು ಕದಲಲಿಲ್ಲ.

“ಈ ಹೊತ್ತಲ್ಲಿ ಅಂಥ ಮಾತಾಡ್ತಾರೇನಪ್ಪ?” ಡ್ರಮ್ ಮಾಮ ಅವನ ಭುಜ ಹಿಡಿದು ಹಿಂದಕ್ಕೆಳೆದ. ಮಾಮ ಗುಬ್ಬಿಯ ಅಪ್ಪನ ಹಳೆಯ ಗೆಳೆಯ, ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. “ಬಿಡು, ನಿನ್ನ ಕೈಲಾಗಲ್ಲ. ಗುಬ್ಬೀ, ನೀನೇ ಬಾಮ್ಮ. ಒಳಗಿರೋ ಕುರ್ಚಿ ಬೇಕು, ಜನ ನಿಂತೇ ಇದಾರೆ.”

ಗುಬ್ಬಿ ಅಡುಗೆಮನೆಯ ಬಾಗಿಲಲ್ಲಿದ್ದಳು. ಬೆಳಗಿನಿಂದ ಅವಳು ಅಪ್ಪನ ರೆಕಾರ್ಡಿಂಗ್ ಕೋಣೆಯ ಕಡೆ ಸುಳಿದಿರಲಿಲ್ಲ. ಈಗ ಗೋಡೆಗೆ ಅಂಟಿಕೊಂಡೇ ನಡೆದು ಬಂದು, ಹಿಡಿಕೆಯನ್ನು ಮೊದಲು ಮೇಲಕ್ಕೆತ್ತಿ, ಆಮೇಲೆ ತನ್ನ ಕಡೆಗೆ ಎಳೆದಳು. ಉಸಿರು ಎಳೆದುಕೊಂಡಂಥ ಸದ್ದು ಮಾಡಿ ಬಾಗಿಲು ಬಿಟ್ಟುಕೊಂಡಿತು. ಅವಳು ಒಳಗೆ ನೋಡಲಿಲ್ಲ.

ಗಂಡಸರು ಕುರ್ಚಿಗಳನ್ನು ಹೊರಗೆ ಸಾಗಿಸಿದರು. ನಿನ್ನೆ ಮಧ್ಯಾಹ್ನ ಅಪ್ಪ ಇದೇ ಕೋಣೆಯಲ್ಲಿ, ಮೈಕಿನ ಮುಂದೆ, ಮೇಜಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟಿದ್ದ. ಮೇಜಿನಡಿಯ ಕಂಪ್ಯೂಟರಿನ ದೀಪ ಇನ್ನೂ ಮಿಟುಕುತ್ತಿತ್ತು. ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಗುಬ್ಬಿಗೆ ಹೊಳೆದಿತ್ತು, ಧೈರ್ಯ ಬಂದಿರಲಿಲ್ಲ.

ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ತಲೆಯ ಹತ್ತಿರ ಅಮ್ಮ ಕೂತಿದ್ದಳು. ಬಂದವರು ಅವಳ ಕೈ ಹಿಡಿದು, ಅದೇ ನಾಲ್ಕು ಮಾತು ಹೇಳಿ, ಏಳುತ್ತಿದ್ದರು. ಪಕ್ಕದ ಮನೆಯ ಟೈಲರಮ್ಮ ಮಾತ್ರ ಎದ್ದಿರಲಿಲ್ಲ.

“ಪುಣ್ಯವಂತರು ಬಿಡಿ,” ಅವಳು ಅಮ್ಮನ ಬೆನ್ನು ಸವರುತ್ತಿದ್ದಳು. “ಡಾಕ್ಟ್ರೇ ಹೇಳಿದ್ರಲ್ಲ, ಹಾರ್ಟು, ಒಂದೇ ಏಟಿಗೆ ಅಂತ. ಅವರಿಗೆ ಗೊತ್ತೇ ಆಗಿರಲ್ಲ. ಯಾರನ್ನಾದ್ರೂ ಕರೆಯೋಣ ಅನ್ನೋಕೂ ಪುರುಸೊತ್ತು ಸಿಕ್ಕಿರಲ್ಲ.”

ಅಮ್ಮ ತಲೆಯಾಡಿಸಿದಳು. ಗುಬ್ಬಿಯ ಕಡೆ ನೋಡಲಿಲ್ಲ. ನಿನ್ನೆಯಿಂದ ನೋಡಿರಲಿಲ್ಲ. ನೀರು ತಂದುಕೊಟ್ಟರೆ ಲೋಟ ನೋಡುತ್ತಿದ್ದಳು, ಲೋಟ ಹಿಡಿದ ಕೈ ನೋಡುತ್ತಿದ್ದಳು, ಮುಖ ಮಾತ್ರ ನೋಡುತ್ತಿರಲಿಲ್ಲ.

ಆಗ ಬೀದಿಯ ತಿರುವಿನಿಂದ ಅಪ್ಪನ ದನಿ ಕೇಳಿತು.

“ಹಳೇ ಕಬ್ಬಿಣ, ಹಳೇ ಪೇಪರ್, ಹಳೇ ಪ್ಲಾಸ್ಟಿಕ್... ಅಕ್ಕಾ, ಅಮ್ಮಾ, ಬೇಡದ್ದೆಲ್ಲ ಕೊಡಿ, ಬೇಗ ಬನ್ನಿ...”

ಮನೆಯೊಳಗೆ ಎಲ್ಲರೂ ಕಲ್ಲಾದರು. ಯಾರದೋ ಕಂಕುಳಲ್ಲಿದ್ದ ಮಗು ಕಿಟಾರನೆ ಅತ್ತಿತು. ದನಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಗೇಟಿನ ಮುಂದೆ “ಬೇಡದ್ದೆ—” ಎಂದು ತಟ್ಟನೆ ನಿಂತಿತು. ಮನೆಯ ಮುಂದಿನ ಜನ ಕಂಡು, ಹಳೇ ಸಾಮಾನಿನ ಗಾಡಿಯವನು ಗಾಬರಿಯಲ್ಲಿ, ಅಪ್ಪ ರೆಕಾರ್ಡು ಮಾಡಿಕೊಟ್ಟಿದ್ದ ಕೂಗಿನ ಸ್ಪೀಕರಿನ ತಂತಿ ಕಿತ್ತಿದ್ದ.

“ಸತ್ತ ಮೇಲೂ ನಮ್ಮಣ್ಣ ಊರೆಲ್ಲ ಕೂಗ್ಕೊಂಡು ತಿರುಗ್ತಿದಾನಲ್ಲ,” ಎಂದು ಚಿಕ್ಕಪ್ಪ ನಕ್ಕ. ನಗು ಅರ್ಧಕ್ಕೇ ಒಡೆಯಿತು.

“ಬಸ್‌ಸ್ಟ್ಯಾಂಡಲ್ಲಿ ಅವನು ಅನೌನ್ಸ್ ಮಾಡಿದ್ರೆ ಬಸ್ಸುಗಳೇ ಮಾತು ಕೇಳ್ತಿದ್ವು,” ಎಂದ ಡ್ರಮ್ ಮಾಮ. “ಮನೇಲಿ ಬೆಕ್ಕೂ ಕೇಳ್ತಿರ್ಲಿಲ್ಲ.” ಯಾರೋ ಮೂಗು ಒರೆಸಿಕೊಂಡು ನಕ್ಕರು. ಆ ನಗುವಿನ ನಡುವೆ ಅವನಿಗೆ ಏನೋ ಹೊಳೆಯಿತು. “ಗುಬ್ಬೀ, ನಿನ್ನೆ ರೆಕಾರ್ಡಿಂಗ್ ಮಾಡ್ತಿದ್ದ ಅಲ್ವೇನಮ್ಮ? ಅದು ಇರ್ಬೇಕಲ್ಲ. ಸ್ಮಶಾನದ ಗಾಡಿ ಬರೋದ್ರೊಳಗೆ ಒಂದ್ಸಲ ಹಾಕು. ಎಲ್ಲಾರೂ ಕೇಳ್ಲಿ. ಅವನ ದನೀಲೇ ಅವನನ್ನ ಕಳಿಸಿಕೊಡೋಣ.”

ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದಳು. “ಇದ್ಯೋ ಇಲ್ವೋ ಗೊತ್ತಿಲ್ಲ ಮಾಮ.”

“ಇಲ್ದೆ ಎಲ್ಲಿ ಹೋಗುತ್ತೆ? ರೆಕಾರ್ಡಿಂಗಿನ ಕೆಂಪು ದೀಪ ಉರೀತಾನೇ ಇತ್ತು ಅಂತ ನೀನೇ ಅಂದ್ಯಲ್ಲ.”

ಇತ್ತು. ನಿನ್ನೆ ಎಲ್ಲರೂ ಅಪ್ಪನನ್ನು ಎತ್ತುವ ಗಡಿಬಿಡಿಯಲ್ಲಿದ್ದಾಗ, ಪರದೆಯ ಮೇಲೆ ದನಿಯನ್ನು ಬರೆಯುವ ಹಸಿರು ಗೆರೆ ಇನ್ನೂ ಓಡುತ್ತಿರುವುದನ್ನು ಅವಳು ಕಂಡಿದ್ದಳು. ಅಭ್ಯಾಸಬಲದಿಂದ ಕೈ ತಾನಾಗಿ ಹೋಗಿ ಅದನ್ನು ನಿಲ್ಲಿಸಿತ್ತು, ಉಳಿಸಿತ್ತು. ಅಪ್ಪನ ಕೊನೆಯ ಹೊತ್ತೆಲ್ಲ ಅದರೊಳಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

*

ಮೊದಮೊದಲು ಸ್ಟುಡಿಯೋ ಎಂದರೆ ಒಂದು ಹಳೆಯ ಕಂಪ್ಯೂಟರು, ಒಂದು ಮೈಕು ಮತ್ತು ಬಟ್ಟೆಯ ಬೀರು, ಅಷ್ಟೆ. ಬಸ್‌ಸ್ಟ್ಯಾಂಡಿನ ಕೆಲಸ ಬಿಟ್ಟ ಮೇಲೆ ಅಪ್ಪ ಬೀರುವಿನೊಳಗೆ ತಲೆ ತೂರಿಸಿ, ನೇತುಹಾಕಿದ ಬಟ್ಟೆಗಳ ನಡುವೆ ನಿಂತು, ತಳ್ಳುಗಾಡಿಯವರಿಗೆ ಕೂಗಿನ ರೆಕಾರ್ಡು ಮಾಡಿಕೊಡುತ್ತಿದ್ದ. ಡ್ರಮ್ ಮಾಮನ ಬ್ಯಾಂಡೂ ಬರತೊಡಗಿದಾಗ ಟೈಲರಮ್ಮ ಸೊಂಟಕ್ಕೆ ಕೈಯಿಟ್ಟು ಗೇಟಿಗೆ ಬಂದಳು.

“ನಿಮ್ಮ ಡ್ರಮ್ಮಿನ ಏಟಿಗೆ ನನ್ನ ಹೊಲಿಗೆ ಸೊಟ್ಟ ಹೋಗ್ತಿದೆ. ಗಿರಾಕಿಗೆ ಒಂದು ತೋಳು ಉದ್ದ ಬಂದ್ರೆ ನೀವು ಬಂದು ಸಮಾಧಾನ ಮಾಡ್ತೀರಾ?”

ಅಪ್ಪ ಮತ್ತು ಗುಬ್ಬಿ ದನಿ ಹೊರಗೆ ಹೋಗದ ಕೋಣೆ ಮಾಡಲು ಕೈ ಹಾಕಿದ್ದು ಹಾಗೆ. ಸ್ಕೂಲು ಬಿಟ್ಟು ಮನೆಯಲ್ಲೇ ಇದ್ದ ಗುಬ್ಬಿಗೆ ನಾಲ್ಕು ಜನರ ಮುಂದೆ ಬಾಯಿ ಬಿಡುವುದೆಂದರೆ ಆಗದು, ಕೇಳಿಸಿಕೊಳ್ಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಕೋಣೆ ಎಲ್ಲಿ ಗುಂಯ್ ಎನ್ನುತ್ತದೆ, ಎಲ್ಲಿ ದನಿ ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ, ಅವಳು ಮೂಲೆಮೂಲೆಯಲ್ಲಿ ಚಪ್ಪಾಳೆ ತಟ್ಟಿ ಹೇಳುತ್ತಿದ್ದಳು. ಬೈಯಲು ಬಂದ ಟೈಲರಮ್ಮನೇ ಚಿಂದಿಬಟ್ಟೆಯ ಮೂಟೆಗಳನ್ನು ಕೊಟ್ಟಳು. ಹಳೆಯ ಕಿಟಕಿಗಳ ಮರದಿಂದ ಚೌಕಟ್ಟು ಮಾಡಿ, ಚಿಂದಿ ತುಂಬಿ, ಮೇಲೆ ಹಾಸಿಗೆ ಬಟ್ಟೆ ಬಿಗಿದು ಗೋಡೆಗಳಿಗೆ ಹೊಡೆದರು. ಮುರಿದ ಮೇಜುದೀಪದ ತೋಳು ಮೈಕಿನ ಸ್ಟ್ಯಾಂಡಾಯಿತು. ಕಸೂತಿ ಹಾಕುವ ಮರದ ಬಳೆಗೆ ಕಾಲುಚೀಲ ಬಿಗಿದು ಮೈಕಿನ ಮುಂದೆ ನಿಲ್ಲಿಸಿದರು, ‘ಪ’ ಎಂದಾಗ ಉಸಿರು ಬಡಿಯದಿರಲೆಂದು. ಕಾಲುಚೀಲ ಅಪ್ಪನದು. “ಒಗೆದಿದೆ ತಾನೇ?” ಎಂದು ಹಾಡಲು ಬಂದವರೆಲ್ಲ ಕೇಳುತ್ತಿದ್ದರು.

ಉಳಿದದ್ದು ಬಾಗಿಲು. ಗುಜರಿ ಅಂಗಡಿಯ ಹಿಂದೆ, ಮುಚ್ಚಿಹೋದ ಐಸ್‌ಕ್ರೀಂ ಗೋದಾಮಿನ ಶೈತ್ಯಕೋಣೆಯ ಬಾಗಿಲೊಂದು ಚೌಕಟ್ಟಿನ ಸಮೇತ ಇನ್ನೂ ಆ ಕೋಣೆಯಲ್ಲೇ ಇತ್ತು. ಗುಜರಿಯವನು ಮಾತಾಡುತ್ತಲೇ ಅದರ ಹಿಂದೆ ದಾಟಿ ಎಳೆದುಕೊಂಡ. ಮಾತು ಕತ್ತರಿಸಿದ ಹಾಗೆ ನಿಂತಿತು. ಗುಬ್ಬಿ ಅಷ್ಟು ಜೋರಾಗಿ ಕೂಗಿದ್ದನ್ನು ಅಪ್ಪ ಕೇಳಿಯೇ ಇರಲಿಲ್ಲ: “ಅಪ್ಪಾ, ಇದು!”

ಕೂರಿಸಿದ ದಿನ ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಕೆಂಪಗಾಗಿ ಹೊರಬಂದ.

“ಕೇಳಿಸ್ತಾ?”

“ಏನು?”

“ಗಂಟಲು ಹರಿಯೋ ಹಾಗೆ ನಿನ್ನ ಹೆಸರು ಕೂಗಿದೆನಲ್ಲೇ!”

“ಒಂಚೂರೂ ಕೇಳ್ಲಿಲ್ಲ.”

ಅಪ್ಪ ಮಗುವಿನಂತೆ ಕುಣಿದ. ಬಾಗಿಲ ಮೇಲೆ ಕೆಂಪು ದೀಪ ಹಾಕಿಸಿದ. ಅದು ಉರಿಯುತ್ತಿರುವಾಗ ಮನೆಗೆ ಬೆಂಕಿ ಬಿದ್ದರೂ ಯಾರೂ ತೆಗೆಯಕೂಡದು ಎಂದ. ಕಾವಲು ಗುಬ್ಬಿಯದು.

*

ಚಿಕ್ಕಪ್ಪ ಎಲ್ಲಿಂದಲೋ ಸ್ಪೀಕರು ತಂದು ಅಪ್ಪನ ಕಾಲ ಬಳಿ ಇಟ್ಟ. ತಂತಿ ಬಿಡಿಸುತ್ತ, “ಏನು ಮಾಡ್ತಿದ್ದ ಅದ್ರಲ್ಲಿ?” ಎಂದು ಕೇಳಿದ.

“ಸೋಫಾ ರಿಪೇರಿಯವರದು,” ಎಂದಳು ಗುಬ್ಬಿ.

“ಸೋಫಾ ರಿಪೇರಿ ಆದ್ರೇನು, ದನಿ ದನಿಯೇ,” ಡ್ರಮ್ ಮಾಮ ಎದ್ದ. “ನಿಂಗೆ ಕಷ್ಟ ಆದ್ರೆ ಬಿಡಮ್ಮ, ನಾನೇ ಹುಡುಕಿ ಹಾಕ್ತೀನಿ. ಕಂಪ್ಯೂಟರ್ ಆನ್‌ನಲ್ಲೇ ಇದೆಯಲ್ಲ.”

“ಬೇಡ!” ಎಲ್ಲರೂ ತಿರುಗಿ ನೋಡಿದರು. ಗುಬ್ಬಿ ದನಿ ತಗ್ಗಿಸಿದಳು. “ಬೇಡ ಮಾಮ. ನಾನೇ ತರ್ತೀನಿ.”

ಕೋಣೆಯವರೆಗೆ ನಡೆಯುವಾಗ ಬೆನ್ನ ಮೇಲೆ ಯಾರದೋ ಕಣ್ಣಿದೆ ಎನಿಸಿತು. ತಿರುಗಿ ನೋಡಲು ಹೆದರಿ, ಒಳಗೆ ಹೋಗಿ ಬಾಗಿಲೆಳೆದುಕೊಂಡಳು.

*

ನಿನ್ನೆ ಅವಳು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಚಿಂದಿ ಬಿಡಿಸುತ್ತಿದ್ದಳು. ಕೆಂಪು ದೀಪ ಉರಿಯುತ್ತಿತ್ತು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

“ಊಟ ಆರಿಹೋಗ್ತಿದೆ. ಕರಿ ಅವರನ್ನ.”

“ಶ್! ಅಮ್ಮ, ರೆಕಾರ್ಡಿಂಗ್ ನಡೀತಿದೆ. ದೀಪ ನೋಡು.”

“ಬೆಳಿಗ್ಗೆಯಿಂದ ಯಾಕೋ ಮುಖ ಬಾಡಿತ್ತು ಕಣೆ. ಒಂದ್ಸಲ ನೋಡಿ ಬಂದುಬಿಡ್ತೀನಿ.” ಅಮ್ಮ ಹಿಡಿಕೆಗೆ ಕೈ ಹಾಕಿದಳು.

ಗುಬ್ಬಿ ಎದ್ದು ಆ ಕೈಯನ್ನು ಹಿಡಿಕೆಯಿಂದ ಬಿಡಿಸಿದಳು. ಬೆರಳುಗಳನ್ನು ಒಂದೊಂದಾಗಿ. “ಕೆಟ್ಟುಹೋದ್ರೆ ಮೊದ್ಲಿಂದ ಮಾಡ್ಬೇಕಾಗುತ್ತೆ. ಅಪ್ಪ ಬೈತಾರೆ.”

“ಅಪ್ಪ ಮಗಳ ಕಾಯ್ದೆಯೇ ಬೇರೆ ಬಿಡು,” ಎಂದು ಅಮ್ಮ ಗೊಣಗುತ್ತ ಹೋದಳು.

ಚಿಂದಿಯೆಲ್ಲ ಬಿಡಿಸಿ ಮುಗಿದರೂ ದೀಪ ಆರಲಿಲ್ಲ. ಆಗ ಗುಬ್ಬಿಯೇ ಹಿಡಿಕೆಯನ್ನು ಮೇಲಕ್ಕೆತ್ತಿದಳು.

ಅಮ್ಮ ಕೈ ಹಾಕಿದಾಗ ಅಪ್ಪ ಇದ್ದನೋ, ಆಗಲೇ ಹೋಗಿದ್ದನೋ? ನಿನ್ನೆಯಿಂದ ಗುಬ್ಬಿಯೊಳಗೆ ಇದೊಂದೇ ಪ್ರಶ್ನೆ. ಅಮ್ಮನೊಳಗೂ ಇದೇ ಇದೆ ಎಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಅದನ್ನು ಯಾರಿಗೂ ಹೇಳಿರಲಿಲ್ಲ.

*

ಈಗ ಒಂದು ಗುಂಡಿ ಒತ್ತಿದರೆ ರೆಕಾರ್ಡಿಂಗೇ ಅಳಿಸಿಹೋಗುತ್ತಿತ್ತು. ಸಿಗಲಿಲ್ಲ ಎಂದರೆ ಮುಗಿಯಿತು. ಗುಬ್ಬಿಯ ಬೆರಳು ಅದರ ಮೇಲೇ ಇತ್ತು. ಒತ್ತಿದರೆ ಅಪ್ಪ ಎರಡನೇ ಸಲ ಹೋಗುತ್ತಾನೆ ಎನಿಸಿತು. ಅವಳು ಅಪ್ಪನ ಹೆಡ್‌ಫೋನ್ ಹಾಕಿಕೊಂಡು ಆರಂಭದಿಂದ ಬಿಟ್ಟಳು.

“ಸೋಫಾ ರಿಪೇರಿ, ಕುರ್ಚಿ ರಿಪೇರಿ, ಮನೆ ಬಾಗಿಲಿಗೇ ಬರ್ತೀವಿ...” ಅಪ್ಪ ತಡವರಿಸಿದ, ತನ್ನನ್ನೇ ಬೈದುಕೊಂಡ, ಮತ್ತೆ ಹೇಳಿದ. ನೀರು ಕುಡಿದ. ಮತ್ತೆ ಹೇಳುವಾಗ ‘ಕುರ್ಚಿ’ ಎಂಬಲ್ಲಿ ದನಿ ನಿಂತಿತು. ಏನೋ ಬಿದ್ದ ಸದ್ದು. ಆಮೇಲೆ ಉಸಿರು. ಬಹಳ ಹತ್ತಿರದಿಂದ, ಕಿವಿಯೊಳಗೇ, ಗರಗಸದಲ್ಲಿ ಕೊಯ್ದ ಹಾಗೆ ಉಸಿರು. ಗುಬ್ಬಿ ಮೇಜಿನ ಅಂಚು ಹಿಡಿದುಕೊಂಡಳು. ಕರೆಯಬೇಡ ಅಪ್ಪ, ದಯವಿಟ್ಟು ಕರೆಯಬೇಡ.

ಅವನು ಕರೆಯಲಿಲ್ಲ. ಆ ಉಸಿರಿನ ಹಿಂದೆ, ಬಾವಿಯಾಳದಿಂದ ಬಂದಂತೆ, ಇನ್ನೊಂದು ದನಿ ಕೇಳಿತು: “ಶ್! ಅಮ್ಮ, ರೆಕಾರ್ಡಿಂಗ್...” ಅವಳದೇ ದನಿ. ಬಾಗಿಲಿನ ಕೆಳಗೆ ರಬ್ಬರು ಸಾಲದೆ ಸೈಕಲ್ ಟ್ಯೂಬು ತುರುಕಿದ್ದರಲ್ಲ, ಅಲ್ಲಿಂದ ನುಸುಳಿರಬೇಕು. ಹೊರಗಿನ ಕಿವಿಗೆ ಒಳಗಿನದು ಕೇಳದು, ಆದರೆ ಮೈಕಿಗೆ ಸೊಳ್ಳೆಯ ಸದ್ದೂ ಕೇಳುತ್ತದೆ. ಮೈಕಿನ ದನಿ ಬರುವ ಹೆಡ್‌ಫೋನ್ ನಿನ್ನೆ ಎತ್ತುವಾಗಲೂ ಅಪ್ಪನ ಕಿವಿಯಲ್ಲೇ ಇತ್ತು. ಅವನಿಗೆ ಎಲ್ಲವೂ ಕೇಳಿದೆ. ಅಮ್ಮನ ಮಾತೂ ಕೇಳಿದೆ.

ಆಮೇಲೆ ಅಪ್ಪ, ಯಾರಿಗೂ ಅಲ್ಲದಂತೆ, ಪಿಸುಗುಟ್ಟಿದ: “ಇಬ್ರೂ ಇಲ್ಲೇ ಇದಾರೆ.”

ಅಂದರೆ ಆಗ ಅವನಿದ್ದ. ಅಮ್ಮ ತೆಗೆದಿದ್ದರೆ—

ಬಾಗಿಲು ಉಸಿರೆಳೆದುಕೊಂಡಿತು. ಅಮ್ಮ ನಿಂತಿದ್ದಳು.

“ಏನಿದೆ ಅದ್ರಲ್ಲಿ?”

ಗುಬ್ಬಿಗೆ ಸುಳ್ಳು ನಾಲಗೆಯ ತುದಿಗೆ ಬಂತು. ಸೋಫಾ ರಿಪೇರಿ, ಇನ್ನೇನಿಲ್ಲ. ಅಷ್ಟೇ ಹೇಳಬೇಕಿತ್ತು. ಅವಳು ಹೆಡ್‌ಫೋನ್ ತೆಗೆದಳು. ಅದನ್ನು ಮೇಜಿನ ಮೇಲಿಟ್ಟಳು.

“ಅಮ್ಮ... ನಾನು ನಿನ್ನ ಕೈ ಬಿಡಿಸಿದಾಗ... ಅಪ್ಪ ಇನ್ನೂ ಇದ್ರು.”

ಅಮ್ಮನ ಮುಖದಲ್ಲಿ ಏನೂ ಕದಲಲಿಲ್ಲ. ಹತ್ತಿರ ಬಂದಳು. ಗುಬ್ಬಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಮ್ಮ ಹೆಡ್‌ಫೋನನ್ನು ತಲೆಗೆ ಹಾಕಿಕೊಳ್ಳುತ್ತಿದ್ದಳು, ತಿರುಗುಮುರುಗಾಗಿ. ಗುಬ್ಬಿ ಸರಿಪಡಿಸಿ, ಗೆರೆಯನ್ನು ಹಿಂದಕ್ಕೆಳೆದು ಬಿಟ್ಟಳು.

ಗುಬ್ಬಿಗೀಗ ಏನೂ ಕೇಳುತ್ತಿರಲಿಲ್ಲ. ಹಸಿರು ಗೆರೆ ಮಾತ್ರ ಕಾಣುತ್ತಿತ್ತು. ಎಲ್ಲೆಲ್ಲಿ ಏನೇನಿದೆ ಎಂದು ಅವಳಿಗೆ ಗೊತ್ತಿತ್ತು: ಇದು ಬಿದ್ದ ಸದ್ದು, ಇದು ಉಸಿರು, ಇದೊಂದು ಚಿಕ್ಕ ಉಬ್ಬು ಅವಳ ‘ಶ್’. ಆ ಉಬ್ಬು ದಾಟುವಾಗ ಅಮ್ಮ ತಲೆಯೆತ್ತಿ ನೇರ ಅವಳ ಮುಖ ನೋಡಿದಳು. ಗುಬ್ಬಿ ಕಣ್ಣು ತಗ್ಗಿಸಲಿಲ್ಲ. ಆ ನೋಟದಲ್ಲಿ ಏನಿದೆಯೆಂದು ತಿಳಿಯದೆ, ಶಿಕ್ಷೆಗೆ ನಿಂತವಳಂತೆ ನಿಂತಳು. ಗೆರೆ ಇನ್ನೊಂದು ಪುಟ್ಟ ಉಬ್ಬನ್ನು, ಅಪ್ಪನ ಪಿಸುಮಾತನ್ನು, ದಾಟಿತು. ಅಮ್ಮನ ತುಟಿ ಕಂಪಿಸಿತು.

“ಅತ್ತಿಗೆ, ಗಾಡಿ ಬಂತು,” ಚಿಕ್ಕಪ್ಪ ಬಾಗಿಲಲ್ಲಿ ತಲೆ ಹಾಕಿದ. “ಎತ್ತೋ ಹೊತ್ತಾಯ್ತು. ಸಿಗ್ತೇನಮ್ಮ ಗುಬ್ಬಿ? ಎಲ್ಲಾರೂ ಕಾಯ್ತಿದಾರೆ.”

ಅಮ್ಮನಿಗೆ ಕೇಳಿಸಲಿಲ್ಲ. ಹೆಡ್‌ಫೋನಿನ ಒಂದು ಕಡೆಯದನ್ನು ಕಿವಿಯಿಂದ ಹೊರಕ್ಕೆ ತಿರುಗಿಸಿದಳು, ಮಗಳ ಕತ್ತಿಗೆ ಕೈ ಹಾಕಿ ಎಳೆದು, ಆ ತಲೆಯನ್ನು ತನ್ನ ತಲೆಗೆ ಆನಿಸಿಕೊಂಡಳು. ಕಿವಿಗೆ ಕಿವಿ ಒತ್ತಿ ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಹಸಿರು ಗೆರೆ ಮೆಲ್ಲಗೆ ಏಳುತ್ತ, ಬೀಳುತ್ತ, ಇನ್ನೂ ಓಡುತ್ತಿತ್ತು.