ಒಂದೇ ಒಲೆಯ ಮನೆ

ಅವಳು ಕೆಲಸ ಮುಗಿಸಿ ಬಂದು ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ, ಒಲೆ ಇದ್ದ ಜಾಗದಲ್ಲಿ ಫ್ರಿಜ್ ನಿಂತಿತ್ತು. ಬಾಗಿಲು ಕಿತ್ತುಹೋಗಿ, ಹೊಟ್ಟೆಯೊಳಗಿನ ತಂತಿಗಳೆಲ್ಲ ಹೊರಗೆ ಜೋತುಬಿದ್ದ ಹಳೇ ಫ್ರಿಜ್. ಒಲೆಯ ಗುರುತಿಗೆ ಗೋಡೆಯ ಮೇಲೆ ಎಣ್ಣೆ ಸಿಡಿದ ಕಲೆಯಷ್ಟೇ ಉಳಿದಿತ್ತು. ಮೂಲೆಯಲ್ಲಿ ಕೂತಿದ್ದ ಮಗಳು ಅಮ್ಮನ ತುಟಿಯನ್ನೇ ನೋಡಿದಳು. ಕಿವಿ ಸರಿಯಾಗಿ ಕೇಳಿಸದ ಹುಡುಗಿ, ಮಾತನ್ನು ತುಟಿಯಲ್ಲೇ ಹಿಡಿಯುತ್ತಾಳೆ.

ಭಾವ ಬನಿಯನ್ನಿಗೆ ಕೈ ಒರೆಸುತ್ತ ಹಿತ್ತಲಿನಿಂದ ಬಂದ. ಮುಂದಿನ ಮನೆ ಅವನದು, ಹಿಂದಿನ ಈ ಕೋಣೆ ಸತ್ತ ತಮ್ಮನ ಪಾಲಿಗೆ ಬಂದದ್ದು. ನಾಳೆ ಬರಬೇಕಿದ್ದ ಸರ್ಕಾರಿ ನೆರವಿನ ಆಫೀಸಿನಾಕೆ ಇವತ್ತೇ ಬರುತ್ತಾಳಂತೆ. ಎರಡು ಒಲೆ ಅವಳ ಕಣ್ಣಿಗೆ ಬಿದ್ದರೆ ಎಲ್ಲಾ ಕೆಟ್ಟಿತು, ಅದಕ್ಕೇ ಈ ಒಲೆಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ ಎಂದ. ಹೇಗೂ ಜಾಗ ಖಾಲಿಯಾಯಿತಲ್ಲ, ತನ್ನ ಅಂಗಡಿಯಲ್ಲಿ ಕಾಲಿಗೆ ತೊಡರುತ್ತಿದ್ದ ಫ್ರಿಜ್ಜನ್ನು ತಂದು ಇಟ್ಟಿದ್ದ. ಇಷ್ಟನ್ನೂ ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದ.

"ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಭಾವ."

"ಕೇಳೋದೇನಿದೆ ಅದರಲ್ಲಿ? ನೀನು ಹೂಂ ಅನ್ನೋಳೇ ತಾನೆ. ಮಗಳ ಕಿವಿ ಬೇಕಲ್ಲ ನಿಂಗೆ."

ಅದು ನಿಜ. ನಿಜವಾದ್ದರಿಂದಲೇ ಅವಳ ಮೈಯೆಲ್ಲ ಉರಿಯಿತು.

ಗಂಡ ಸತ್ತ ಮೇಲೆ ಅವಳಿಗೆ ಒಂಟಿ ತಾಯಿಯ ನೆರವು ಬರುತ್ತಿತ್ತು. ಸ್ವಲ್ಪವೇ, ಆದರೆ ಅವಳ ಹೆಸರಿಗೆ. ಈಗ ಕೂಡುಮನೆಯ ನೆರವು ಅಂತ ಹೊಸದೊಂದು ಬಂದಿದೆ. ಅದು ದೊಡ್ಡದು, ಮಕ್ಕಳ ಚಿಕಿತ್ಸೆಯೂ ಅದರಲ್ಲೇ ಸೇರಿದೆ. ಹುಡುಗಿಯ ಕಿವಿಗೆ ಯಂತ್ರ ಬರಬೇಕಾದರೆ ಅದೊಂದೇ ದಾರಿ. ಆದರೆ ಅದು ಬೇಕೆಂದರೆ ಒಂದು ಸೂರಿನಡಿ ಒಂದೇ ಒಲೆ ಉರಿಯಬೇಕು, ಒಮ್ಮೆ ಅದಕ್ಕೆ ಸೇರಿದರೆ ಹಳೆಯದಕ್ಕೆ ವಾಪಸು ಬರುವ ಹಾಗಿಲ್ಲ. ಆಫೀಸಿನವರು ಕುಟುಂಬ ಲೆಕ್ಕ ಹಾಕುವುದೇ ಒಲೆಯ ಮೇಲೆ. ಮನೆಗೆ ಬಂದು, ಒಲೆಗೆ ಅಂಗೈ ಇಟ್ಟು, ಬಿಸಿ ಇದೆಯೋ ಇಲ್ಲವೋ ನೋಡಿಯೇ ಹೋಗುತ್ತಾರೆ.

ಈ ಒಲೆ ಸುಮ್ಮನೆ ಬಂದದ್ದಲ್ಲ. ಮೊದಲು ತಾಯಿ ಮಗಳು ಮುಂದಿನ ಮನೆಯಲ್ಲೇ ಊಟ ಮಾಡುತ್ತಿದ್ದರು. ಒಂದು ದಿನ ಹುಡುಗಿ ಎರಡನೇ ಸಲ ತಟ್ಟೆ ಚಾಚಿದಾಗ ಭಾವ, ಇದಕ್ಕೆ ಕಿವಿ ಮಂದ, ಹೊಟ್ಟೆ ಮಾತ್ರ ಚುರುಕು ಎಂದು ನಕ್ಕಿದ್ದ. ಹುಡುಗಿ ಅವನ ತುಟಿ ನೋಡಿ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಿದ್ದಳು. ಮರುದಿನವೇ ಇವಳು ಸಂಬಳ ಹಿಡಿದು ಹೋಗಿ ಒಲೆ ಹೊತ್ತು ತಂದಳು.

ಇಷ್ಟಿದ್ದರೂ ಈ ಬೆಳಿಗ್ಗೆ ಒಲೆ ಬಿಟ್ಟುಕೊಡಲು ಅವಳ ಮನಸ್ಸು ಮುಕ್ಕಾಲು ಪಾಲು ಹೂಂ ಎಂದಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಅವಳಿಗೆ ಕೆಲಸ. ಒಣಗಿದ ದುಪ್ಪಟಿ ಮಡಿಸಲು ಇಬ್ಬರು ಬೇಕು. ಆಚೆ ತುದಿ ಹಿಡಿಯುವವಳ ಬಾಯಿ ನಿಲ್ಲುವುದಿಲ್ಲವಾದ್ದರಿಂದ ಅವಳ ಹೆಸರೇ ರೇಡಿಯೋ. ರೇಡಿಯೋ ಮನೆಯವರು ಹೋದ ವರ್ಷವೇ ಹೊಸ ನೆರವಿಗೆ ಸೇರಿದ್ದರು. ದುಪ್ಪಟಿಯ ಮೂಲೆಗೆ ಮೂಲೆ ಸೇರಿಸುತ್ತ ಅವಳು ಹೇಳಿದ್ದಳು:

"ಯಜಮಾನ ಅಂತ ಮೀಸೆ ನೋಡಿ ಬರ್ಕೊಳ್ಳಲ್ಲ ಕಣೆ. ಒಲೆ ಹಚ್ಚೋ ಹೆಂಗಸಿನ ಹೆಸರು ಬರ್ಕೋತಾರೆ, ದುಡ್ಡೂ ಅವಳಿಗೇ. ನಮ್ಮತ್ತೆ ಆವತ್ತಿಂದ ಒಲೆ ಮುಂದೇನೇ ಹಾಸಿಗೆ ಹಾಕ್ಕೊಂಡು ಮಲಗ್ತಾಳೆ."

ಇಬ್ಬರೂ ನಕ್ಕಿದ್ದರು. ಈಗ ನಗು ಬರಲಿಲ್ಲ. ಮುಂದಿನ ಮನೆಯಲ್ಲಿ ಒಲೆ ಹಚ್ಚುವವಳು ಓರಗಿತ್ತಿ. ಅವಳ ಹೆಸರಿಗೆ ಬಂದದ್ದು ಭಾವನ ಜೇಬಿಗೆ ಬಂದ ಹಾಗೆಯೇ. ಕಿವಿಯ ಯಂತ್ರದ ಮಾತು ತೆಗೆದಾಗಲೇ ಅವನು, ಕಿವಿ ಎಲ್ಲಿಗೂ ಓಡಿಹೋಗಲ್ಲ, ಮೊದಲು ಅಂಗಡಿ ಒಂದು ದಾರಿಗೆ ಬರಲಿ ಎಂದಿದ್ದ. ಅಲ್ಲೇ ತಿಳಿಯಬೇಕಿತ್ತು. ಒಲೆ ತನ್ನದು, ಬಿಟ್ಟುಕೊಟ್ಟರೂ ತಾನೇ ಬಿಟ್ಟುಕೊಡುತ್ತೇನೆ ಅಂದುಕೊಂಡಿದ್ದಳು, ಪೆದ್ದಿ.

ಭಾವ ಅಂಗಿ ತೊಟ್ಟು, ಆಫೀಸಿನಾಕೆಯನ್ನು ಕರೆತರಲು ರಸ್ತೆಯ ತಿರುವಿಗೆ ಹೋದ. ಹೋಗುವಾಗ, ಮುಖ ಸ್ವಲ್ಪ ನೆಟ್ಟಗಿಟ್ಟುಕೋ ಎಂದು ಬೇರೆ ಹೇಳಿ ಹೋದ.

ಅವಳು ಹಿತ್ತಲು ದಾಟಿ ನೇರ ಮುಂದಿನ ಮನೆಯ ಅಡುಗೆಮನೆಗೆ ನುಗ್ಗಿ, ಕಟ್ಟೆಯ ಮೇಲಿದ್ದ ಒಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಓರಗಿತ್ತಿ ಪಾತ್ರೆ ತಿಕ್ಕುತ್ತಿದ್ದಳು. ಈಗ ಬೀದಿಯೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ, ಕಿರುಚಲಿ ಎಂದುಕೊಂಡು ಇವಳು ಇನ್ನೊಮ್ಮೆ ಎಳೆದಳು.

"ಮೊದ್ಲು ರೆಗ್ಯುಲೇಟರ್ ಬಿಚ್ಚೇ ಮಾರಾಯ್ತಿ," ಎಂದಳು ಓರಗಿತ್ತಿ. "ಮನೆ ಸುಟ್ಟೀಯ."

ಸೆರಗಿಗೆ ಕೈ ಒರೆಸಿಕೊಂಡು ಬಂದು ತಾನೇ ಬಿಚ್ಚಿದಳು. ಸಿಲಿಂಡರನ್ನು ಓರೆ ಮಾಡಿ ಉರುಳಿಸುತ್ತ ಹಿತ್ತಲು ದಾಟಿಸಿದವಳೂ ಅವಳೇ. ಇವಳಿಗೆ ಕೋಪದ ನಡುವೆಯೇ ಹೆದರಿಕೆಯಾಯಿತು.

"ಅಕ್ಕ, ಭಾವ ನಿಮ್ಮನ್ನ ಸುಮ್ನೆ ಬಿಡಲ್ಲ."

"ಈಗ ಬಿಟ್ಟಿದಾರಾ?"

ಇಬ್ಬರೂ ಹೆಗಲು ಕೊಟ್ಟು ಫ್ರಿಜ್ಜನ್ನು ಹಿತ್ತಲಿಗೆ ನೂಕಿದರು. ಅದು ಮಗ್ಗುಲಾಗಿ ಬಿದ್ದು ಗಡಗಡ ಸದ್ದು ಮಾಡಿತು. ಅದಿದ್ದ ಜಾಗದಲ್ಲಿ ಒಲೆ ಕೂರಿಸಿ, ಹಚ್ಚಿ, ನೀರಿಟ್ಟರು.

ಆಫೀಸಿನಾಕೆ ಏದುಸಿರು ಬಿಡುತ್ತ ಬಂದಳು. ಭಾವ ದಾರಿ ಬಿಡಿಸುತ್ತ ಮುಂದೆ ಮುಂದೆ ನಡೆದು ತನ್ನ ಅಡುಗೆಮನೆ ತೋರಿಸಿದ. ಬರಿಯ ಕಟ್ಟೆ. ಆಕೆ ಕಟ್ಟೆಯನ್ನು ನೋಡಿ ಅವನ ಮುಖ ನೋಡಿದಳು. ನಮ್ಮ ಮನೆಯ ಅಡುಗೆಯೆಲ್ಲ ಹಿಂದಿನ ಕೋಣೆಯಲ್ಲಿ ಎಂದು ಓರಗಿತ್ತಿ ತಣ್ಣಗೆ ಹೇಳಿದಳು. ಅಲ್ಲಿ ನೀರು ಕುದಿಯುತ್ತಿತ್ತು. ಆಕೆ ಒಲೆಗೆ ಅಂಗೈ ಸೋಕಿಸಿ, ಬಿಸಿ ತಾಗಿ ಕೈ ಹಿಂದೆಗೆದುಕೊಂಡಳು.

"ಯಾರಮ್ಮ ಒಲೆ ಹಚ್ಚೋದು?"

"ನಾನೇ ಮೇಡಂ," ಎಂದಳು ಹುಡುಗಿಯ ತಾಯಿ. "ಎಲ್ಲರಿಗೂ ನಾನೇ ಬೇಯಿಸಿ ಹಾಕೋದು."

ಆಕೆ ಅವಳ ಹೆಸರು ಬರೆದುಕೊಳ್ಳುತ್ತ ಎಚ್ಚರಿಸಿದಳು. ಒಂಟಿ ತಾಯಿಯ ನೆರವು ಇವತ್ತಿಗೇ ನಿಂತುಹೋಗುತ್ತದೆ, ಆಮೇಲೆ ಅತ್ತರೂ ಕರೆದರೂ ಸಿಗುವುದಿಲ್ಲ. ಹೇಳದೆ ಕೇಳದೆ ಬಂದು ನೋಡುತ್ತೇವೆ, ಆಗ ಬೇರೆ ಒಲೆ ಉರಿಯುತ್ತಿದ್ದರೆ ಇದೂ ಹೋಗುತ್ತದೆ. ಅವಳು, ಗೊತ್ತು ಎಂದಳು. ನಾಳೆಯಿಂದ ಕೆಲಸಕ್ಕೆ ಹೋಗುವ ಮುಂಚೆ ಇಡೀ ಮನೆಗೆ ಬೇಯಿಸಿಡಬೇಕು, ಬಂದ ಮೇಲೆ ಮತ್ತೆ ಬೇಯಿಸಬೇಕು. ಜ್ವರ ಬಂದರೂ ಸರಿ, ಈ ಭಾವನ ಹೊಟ್ಟೆ ತುಂಬಿಸಬೇಕು, ಮಗಳು ದೊಡ್ಡವಳಾಗುವ ತನಕ. ಅದೂ ಗೊತ್ತು.

ನಿಮಗೂ ಒಪ್ಪಿಗೆಯೇ ಎಂದು ಆಕೆ ಭಾವನನ್ನು ಕೇಳಿದಳು. ಅವನು ಬಾಯಿ ತೆರೆದ. ಒಲೆ ನನ್ನದು, ಕದ್ದು ತಂದಿದ್ದಾರೆ ಎಂದರೆ ಈ ಮನೆ ಎರಡು ಸಂಸಾರವಾಗುತ್ತದೆ, ಯಾರಿಗೂ ಏನೂ ಇಲ್ಲ. ಅವನು ಹಿತ್ತಲಲ್ಲಿ ಬಿದ್ದ ಫ್ರಿಜ್ಜಿನ ಕಡೆ ನೋಡುತ್ತ "ಹೂಂ" ಎಂದ.

ಆಕೆ ಹೋದ ಮೇಲೆ ಅವನು ಹಿತ್ತಲಲ್ಲಿ ಬಾಯಿಗೆ ಬಂದಂತೆ ಬೈದ. ಕಳ್ಳಿಯರು ಎಂದ, ಮನೆಹಾಳಿಯರು ಎಂದ, ಫ್ರಿಜ್ಜಿಗೆ ಒದ್ದು ಕಾಲು ನೋಯಿಸಿಕೊಂಡ. ಒಳಗೆ ಓರಗಿತ್ತಿ ತನ್ನ ದೊಡ್ಡ ಪಾತ್ರೆ ತಂದು ಒಲೆಯ ಮೇಲಿಟ್ಟಳು. ಅದರ ತಳದ ಅಗಲಕ್ಕೆ ಉರಿಯೇ ಕಾಣದಂತಾಯಿತು. ಇಷ್ಟು ಜನಕ್ಕೆ ನೀರೆಷ್ಟು, ಉಪ್ಪೆಷ್ಟು ಎಂಬುದು ಇವಳ ಕೈಗೆ ತಿಳಿಯದು. ಹಾಕಿ, ರುಚಿ ನೋಡಿ, ಮತ್ತೆ ಹಾಕಿದಳು.

ಹೊತ್ತು ಇಳಿಯಿತು. ಹಿತ್ತಲಿನ ಬೈಗುಳ ನಿಂತು ಬಹಳ ಹೊತ್ತಾಗಿತ್ತು. ಕೋಣೆಯ ಬಾಗಿಲು ಗಿಡ್ಡ. ಭಾವ ಕುತ್ತಿಗೆ ಬಗ್ಗಿಸಿ, ತಟ್ಟೆಯನ್ನು ಎದೆಗೆ ಅವಚಿಕೊಂಡು ಒಳಗೆ ಬಂದ, ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆಯ ಪಕ್ಕ ನಿಂತ. ಅವಳು ತಿರುಗಿ ನೋಡಲಿಲ್ಲ. ಪಾತ್ರೆ ಇನ್ನೂ ಕುದಿಯುತ್ತಿತ್ತು.